ವ್ಯಾಧಿಯ ಹೆಸರು, ರೋಗಿಯ ಮಾತು

ರಕ್ತದಲ್ಲಿ ಸಕ್ಕರೆಯ ಅಂಶ ಎಷ್ಟಿದೆ, ರಕ್ತದ ಒತ್ತಡ ಏರಿದೆಯೇ, ಎದೆಯ ಬಡಿತ ಕ್ರಮವಾಗಿದೆಯೇ ಎಂಬುದನ್ನು ತಿಳಿಯಲು ಇಂದು ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಯಾವ ಬಡಾವಣೆಯಲ್ಲಿಯೂ ಸೌಕರ್ಯಕ್ಕೆ ಕೊರತೆಯಿಲ್ಲ. ಬೆರಳ ತುದಿಯಿಂದ ಒಂದು ತೊಟ್ಟು ರಕ್ತ ತೆಗೆದರೆ ನಿಮಿಷದೊಳಗೆ ಅಂಕಿ ಕೈಗೆ ಬರುತ್ತದೆ. ಆದರೆ ಆ ಅಂಕಿಯನ್ನು ಹೊತ್ತು ಮನೆಗೆ ಮರಳುವ ಮನುಷ್ಯನಿಗೆ ಅಂದಿನಿಂದ ಊಟದ ತಟ್ಟೆ ಹೇಗೆ ಕಾಣುತ್ತದೆ, ಮನೆಯವರಿಗೆ ಆತ ಏನು ಹೇಳುತ್ತಾನೆ, ಏನನ್ನು ಮುಚ್ಚಿಡುತ್ತಾನೆ, ಊರಿನ ನಂಟರಿಷ್ಟರೆದುರು ಏನೆಂದು ತೋರಿಸಿಕೊಳ್ಳುತ್ತಾನೆ ಎಂಬುದನ್ನು ಯಾವ ಉಪಕರಣವೂ ತಿಳಿಸಲಾರದು. ಅದನ್ನು ಅರಿಯಬೇಕಾದರೆ ಅವನನ್ನೇ ಕೇಳಬೇಕು. ಕೇಳುವುದಕ್ಕೂ ಒಂದು ಶಾಸ್ತ್ರವಿದೆ. ಕೇಳಿದ್ದನ್ನು ಬಿಡಿಸಿ ನೋಡುವುದಕ್ಕೂ ಒಂದು ಕ್ರಮವಿದೆ. ಈ ಎರಡರ ಪರಿಚಯವೇ ಪ್ರಸ್ತುತ ಲೇಖನದ ಉದ್ದೇಶ.

ಅಮೆರಿಕದ ಮನೋವೈದ್ಯರೂ ಮಾನವಶಾಸ್ತ್ರಜ್ಞರೂ ಆದ ಆರ್ಥರ್ ಕ್ಲೈನ್‌ಮನ್ ಅವರು ವ್ಯಾಧಿ ಮತ್ತು ಬೇನೆ ಇವೆರಡನ್ನೂ ಬೇರೆ ಬೇರೆಯಾಗಿ ಕಾಣಬೇಕೆಂದು ಒತ್ತಿ ಹೇಳಿದವರಲ್ಲಿ ಪ್ರಮುಖರು. ವೈದ್ಯನು ಗುರುತಿಸುವುದು ವ್ಯಾಧಿಯನ್ನು. ರೋಗಿಯು ಬಾಳುವುದು ಬೇನೆಯನ್ನು. 1978ರಲ್ಲಿ ಅವರು ಇಬ್ಬರು ಸಹೋದ್ಯೋಗಿಗಳೊಡನೆ ಬರೆದ ಲೇಖನವೊಂದರಲ್ಲಿ, ರೋಗಿಯನ್ನು ಕೇಳಬೇಕಾದ ಕೆಲವು ಸರಳ ಪ್ರಶ್ನೆಗಳನ್ನು ಸೂಚಿಸಿದರು. ನಿಮ್ಮ ಈ ತೊಂದರೆಗೆ ನೀವು ಯಾವ ಹೆಸರು ಕೊಡುತ್ತೀರಿ? ಅದು ಏತರಿಂದ ಬಂತೆಂದು ನಿಮ್ಮ ಎಣಿಕೆ? ಆಗಲೇ ಏಕೆ ಬಂತು? ಇದರಲ್ಲಿ ನಿಮಗೆ ಹೆಚ್ಚು ಭಯ ಹುಟ್ಟಿಸುವುದು ಯಾವುದು? ಪ್ರಶ್ನೆಗಳೇನೋ ಸಾಮಾನ್ಯವಾದವು. ಆದರೂ ಜನ ಕಿಕ್ಕಿರಿದ ದವಾಖಾನೆಯಲ್ಲಿ ಇವುಗಳಲ್ಲಿ ಒಂದನ್ನಾದರೂ ಕೇಳಿಸಿಕೊಂಡ ರೋಗಿಗಳು ಎಷ್ಟು ಮಂದಿ ಇದ್ದಾರು ಎಂಬುದನ್ನು ವಾಚಕರೇ ಊಹಿಸಬಹುದು.

ಈ ಬಗೆಯ ಅಧ್ಯಯನದ ಒಂದು ಮುಖ್ಯ ಪ್ರಯೋಗ ನಡೆದದ್ದು ಮುಂಬಯಿಯಲ್ಲಿಯೇ ಎಂಬುದು ಇಲ್ಲಿಯ ಕನ್ನಡಿಗರಿಗೆ ಕುತೂಹಲದ ಸಂಗತಿ. ಮಿಚೆಲ್ ವೈಸ್ ಎಂಬ ವಿದ್ವಾಂಸರು ಇಲ್ಲಿಯ ಮನೋವೈದ್ಯರ ಜೊತೆಗೂಡಿ ಕುಷ್ಠರೋಗಿಗಳೊಡನೆ ಮಾತುಕತೆ ನಡೆಸಿ, 1992ರಲ್ಲಿ ಅದರ ಫಲಿತಗಳನ್ನು ಪ್ರಕಟಿಸಿದರು. ಕುಷ್ಠರೋಗಿಗಳೊಂದಿಗೆ ತೊನ್ನು ಮತ್ತು ಚಿಬ್ಬು ಇದ್ದವರನ್ನೂ ಹೋಲಿಕೆಗಾಗಿ ಮಾತನಾಡಿಸಲಾಯಿತು. ತೊನ್ನು ಅಂಟುವಂಥದಲ್ಲ, ಪ್ರಾಣಕ್ಕೆ ಅಪಾಯವನ್ನೂ ತರುವುದಿಲ್ಲ. ಆದರೂ ಸಮಾಜ ಅದನ್ನು ಕಾಣುವ ಕಣ್ಣೇ ಬೇರೆ. ಚಿಬ್ಬಿಗೆ ಅಂಥ ಕಳಂಕವಿಲ್ಲ. ಚರ್ಮದ ಮೇಲಿನ ಕಲೆಗಿಂತ ಅದಕ್ಕೆ ಅಂಟಿಕೊಂಡ ಅರ್ಥವೇ ಮನಸ್ಸನ್ನು ಎಷ್ಟು ಕೊರೆಯುತ್ತದೆ ಎಂಬುದನ್ನು ಹೀಗೆ ಹೋಲಿಸಿ ನೋಡುವುದು ಅಲ್ಲಿಯ ಜಾಣ್ಮೆ. ಇದಕ್ಕಾಗಿ ರೂಪಿಸಿದ ಸಂದರ್ಶನದ ಚೌಕಟ್ಟು ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ 'ಎಮಿಕ್' ಎಂಬ ಹೆಸರಿನಿಂದ ಪ್ರಸಿದ್ಧವಾಯಿತು.

ಆ ಚೌಕಟ್ಟು ಬಳಿಕ ಕನ್ನಡಕ್ಕೂ ಬಂತು. ಬೆಂಗಳೂರಿನಲ್ಲಿ ಜನರು ನಿಮ್ಹಾನ್ಸ್ ಎಂದು ಕರೆಯುವ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯ ಡಾ. ಆರ್. ರಘುರಾಮ್ ಮತ್ತು ಡಾ. ಎಸ್. ಎಂ. ಚನ್ನಬಸವಣ್ಣ ಅವರು ವೈಸ್ ಮೊದಲಾದವರೊಂದಿಗೆ ಸೇರಿ, ಹೊರರೋಗಿಗಳಾಗಿ ಬರುತ್ತಿದ್ದ 80 ಮಂದಿಯನ್ನು ಅಧ್ಯಯನ ಮಾಡಿ 1996ರಲ್ಲಿ ಲೇಖನ ಪ್ರಕಟಿಸಿದರು. ಈ ರೋಗಿಗಳಲ್ಲಿ ಕೆಲವರಿಗೆ ಮನಸ್ಸಿನ ಖಿನ್ನತೆ ಮುಖ್ಯ; ಕೆಲವರಿಗೆ ತಲೆನೋವು, ಮೈಕೈ ನೋವು, ನಿಶ್ಶಕ್ತಿಗಳಂಥ ದೇಹದ ದೂರುಗಳೇ ಮುಖ್ಯ; ಅನೇಕರಲ್ಲಿ ಎರಡೂ ಬೆರೆತಿದ್ದವು. ಅಳತೆಗೋಲುಗಳಿಂದ ರೋಗದ ತೀವ್ರತೆಯನ್ನು ಅಳೆದುದಲ್ಲದೆ, ಇದನ್ನು ಇತರರಿಂದ ಮರೆಮಾಡಬೇಕೆನಿಸುತ್ತದೆಯೇ, ಮನೆಯವರ ಮರ್ಯಾದೆಗೆ ಕುಂದಾಗುವುದೆಂಬ ಅಂಜಿಕೆ ಇದೆಯೇ, ಮದುವೆಯ ಸಂಬಂಧಕ್ಕೆ ತೊಡಕಾದೀತೇ ಎಂಬಂಥ ಪ್ರಶ್ನೆಗಳ ಮೂಲಕ ಅವರ ಮಾತುಗಳನ್ನೂ ದಾಖಲಿಸಲಾಯಿತು.

ತಿಳಿದು ಬಂದದ್ದು ಗಮನಾರ್ಹವಾದುದು. ಖಿನ್ನತೆ ಹೆಚ್ಚಿದಷ್ಟೂ ಕಳಂಕದ ಭಾವನೆ ಹೆಚ್ಚು. ದೇಹದ ದೂರುಗಳು ಹೆಚ್ಚಿದಷ್ಟೂ ಅದು ಕಡಿಮೆ. ಏಕೆಂದು ಬಿಡಿಸಿ ಹೇಳಿದ್ದು ರೋಗಿಗಳ ಮಾತುಗಳೇ ಹೊರತು ಅಂಕಿಗಳಲ್ಲ. ಮೈಕೈ ನೋವು ಯಾರಿಗೆ ಬರುವುದಿಲ್ಲ? ಅದನ್ನು ನೆರೆಮನೆಯವರೆದುರು ಹೇಳಿಕೊಂಡರೆ ಒಂದು ಮದ್ದನ್ನು ಹೇಳಿಯಾರು, ಒಂದಿಷ್ಟು ಕನಿಕರಿಸಿಯಾರು. ಮನಸ್ಸೇ ಕುಸಿದಿದೆ ಎಂದರೆ ಜನ ದೂರ ಸರಿದಾರು ಎಂಬ ಅಳುಕು. 'ನಮ್ಮ ಜನಕ್ಕೆ ಮನಸ್ಸಿನ ಭಾಷೆ ಬಾರದು, ಎಲ್ಲವನ್ನೂ ದೇಹದ ಮೇಲೆ ಹಾಕಿ ಹೇಳುತ್ತಾರೆ' ಎಂದು ಕೆಲವರು ಹಗುರವಾಗಿ ಆಡುವ ಮಾತಿಗೆ ಈ ಅಧ್ಯಯನ ತಕ್ಕ ಉತ್ತರವನ್ನೇ ಕೊಟ್ಟಿತು. ಅವರಿಗೆ ಭಾಷೆ ಬಾರದೆ ಅಲ್ಲ. ಯಾವುದನ್ನು ಎಲ್ಲಿ ಹೇಳಬೇಕು, ಎಲ್ಲಿ ಹೇಳಬಾರದು ಎಂಬ ಲೋಕಜ್ಞಾನ ಇರುವುದರಿಂದಲೇ ಹಾಗೆ ಹೇಳುತ್ತಾರೆ.

ಈಗ ಮಾತನ್ನು ಬಿಡಿಸಿ ನೋಡುವ ಕ್ರಮದ ವಿಚಾರ. ಉದಾಹರಣೆಗಾಗಿ ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. ವಿಜಯಪುರದ ಕಡೆಯಿಂದ ಬಂದು ಕಲ್ಯಾಣದಲ್ಲಿ ಮಗನ ಮನೆಯಲ್ಲಿರುವ ವೃದ್ಧೆಯೊಬ್ಬರನ್ನು ಸಂಶೋಧಕಿಯೊಬ್ಬಳು ಮಾತನಾಡಿಸುತ್ತಾಳೆ. 'ಈ ಊರಿಗೆ ಬಂದ ಮೇಲೆ ನಿಮ್ಮ ಆರೋಗ್ಯ ಹೇಗಿದೆ, ಅಮ್ಮಾ?' ಎಂದಷ್ಟೇ ಕೇಳಿ ಸುಮ್ಮನಾಗುತ್ತಾಳೆ. ವೃದ್ಧೆಯ ಉತ್ತರ ಹೀಗಿದೆಯೆಂದು ಭಾವಿಸೋಣ: 'ಏನ ಹೇಳ್ಲೆವ್ವಾ, ಎದಿ ಮ್ಯಾಲ ಕಲ್ಲ ಇಟ್ಟಂಗ ಆಗತೈತಿ. ಮಗಾ ಮುಂಜಾನೆ ಡಬ್ಬಿ ತಗೊಂಡ ಹ್ವಾದಾಂವ ರಾತ್ರಿ ಹತ್ತಕ್ಕ ಬರ್ತಾನ. ಸೊಸಿನೂ ನೌಕ್ರಿಗೆ ಹೋಗ್ತಾಳ. ಬಾಗಿಲಾ ಹಾಕ್ಕೊಂಡ ಕುಂಡ್ರೂದು. ಡಾಕ್ಟರ್ ಮುಂದ ಮೊಣಕಾಲ ನೋವು ಅಂತ ಹೇಳಿ ಬಂದೆ. ಅದೊಂದ ನನಗ ಮರಾಠಿಯೊಳಗ ಹೇಳಾಕ ಬರ್ತಿತ್ತು.'

ಈ ನಾಲ್ಕಾರು ಸಾಲುಗಳಲ್ಲಿ ಎಷ್ಟಿದೆ ನೋಡಿ. ಸಂಶೋಧಕಿಯು ಮೊದಲು ಧ್ವನಿಮುದ್ರಿಕೆಯನ್ನು ಮತ್ತೆ ಮತ್ತೆ ಕೇಳಿ, ಒಂದಕ್ಷರವನ್ನೂ ತಿದ್ದದೆ ಬರಹಕ್ಕಿಳಿಸುತ್ತಾಳೆ. ಬಳಿಕ ಸಾಲಿನ ಪಕ್ಕದಲ್ಲಿ ಚಿಕ್ಕ ಚಿಕ್ಕ ಗುರುತುಗಳನ್ನು ಬರೆಯುತ್ತಾಳೆ. ಇವಕ್ಕೆ ಕೋಡ್ ಎಂದು ಹೆಸರು. 'ಎದೆಯ ಮೇಲೆ ಕಲ್ಲು' ಎಂಬುದರ ಪಕ್ಕದಲ್ಲಿ 'ಭಾರ', 'ಬಾಗಿಲು ಹಾಕಿಕೊಂಡು' ಎಂಬಲ್ಲಿ 'ಹಗಲಿನ ಒಂಟಿತನ', ಮೊಣಕಾಲಿನ ಮಾತಿನ ಪಕ್ಕದಲ್ಲಿ 'ಬಂದ ಭಾಷೆಗೆ ತಕ್ಕ ದೂರು'. ಈ ಕೊನೆಯ ಗುರುತನ್ನು ಗಮನಿಸಬೇಕು. ವೈದ್ಯರ ಚೀಟಿಯಲ್ಲಿ ದಾಖಲಾದದ್ದು ಮೊಣಕಾಲ ನೋವು. ಸಿಕ್ಕಿದ್ದು ನೋವಿನ ಮಾತ್ರೆ. ಎದೆಯ ಮೇಲಿನ ಕಲ್ಲು ದುಃಖದ್ದೋ ಹೃದಯದ ತೊಂದರೆಯದೋ ಎಂಬುದನ್ನು ಪರೀಕ್ಷಿಸುವ ಅವಕಾಶವೇ ವೈದ್ಯರಿಗೆ ದೊರೆಯಲಿಲ್ಲ.

ಒಬ್ಬರ ಮಾತಿನಲ್ಲಿ ಕಂಡದ್ದು ಇನ್ನೊಬ್ಬರಲ್ಲಿಯೂ ಇದೆಯೇ ಎಂದು ನೋಡುವುದು ಮುಂದಿನ ಹೆಜ್ಜೆ. ಡೊಂಬಿವಲಿಯಲ್ಲಿ ನೆಲೆಸಿದ ಉಡುಪಿ ಕಡೆಯ ಹೋಟೆಲ್ ಕಾರ್ಮಿಕ, ನವಿ ಮುಂಬಯಿಯ ನಾಕಾದಲ್ಲಿ ದಿನಗೂಲಿಗಾಗಿ ಕಾಯುವ ಕಲಬುರಗಿಯ ಗಾರೆಯವ, ಠಾಣೆಯಿಂದ ದಿನವೂ ಲೋಕಲಿನಲ್ಲಿ ಕೋಟೆ ಪ್ರದೇಶಕ್ಕೆ ಹೋಗುವ ಬ್ಯಾಂಕ್ ನೌಕರಳು, ಇವರೆಲ್ಲರೂ 'ವೈದ್ಯರಿಗೆ ಎಲ್ಲವನ್ನೂ ಹೇಳಲಾಗಲಿಲ್ಲ' ಎನ್ನಬಹುದು. ಆದರೆ ಕಾರಣ ಒಂದೇ ಅಲ್ಲ. ಒಬ್ಬನಿಗೆ ಭಾಷೆ, ಒಬ್ಬನಿಗೆ ಅರ್ಧ ದಿನದ ಕೂಲಿ, ಒಬ್ಬಳಿಗೆ ಜೊತೆಯಲ್ಲಿ ಬಂದ ಅತ್ತೆ. ಗುರುತುಗಳು ಹೀಗೆ ಗುಂಪುಗೂಡಿ, ಅವುಗಳ ನಡುವಿನ ಸಂಬಂಧ ಸ್ಪಷ್ಟವಾದಾಗ ದೊರೆಯುವುದೇ ಆಶಯ. ಇಂಗ್ಲಿಷಿನಲ್ಲಿ ಥಿಮ್ಯಾಟಿಕ್ ಅನಾಲಿಸಿಸ್ ಎನ್ನುವ ಈ ಆಶಯ ವಿಶ್ಲೇಷಣೆಗೆ ಆರು ಹಂತಗಳ ಸ್ಪಷ್ಟ ರೂಪ ಕೊಟ್ಟವರು ವರ್ಜೀನಿಯಾ ಬ್ರೌನ್ ಮತ್ತು ವಿಕ್ಟೋರಿಯಾ ಕ್ಲಾರ್ಕ್; 2006ರ ಅವರ ಲೇಖನವನ್ನು ಈ ಕ್ಷೇತ್ರದ ವಿದ್ಯಾರ್ಥಿಗಳು ಇಂದಿಗೂ ಮೊದಲು ಓದುತ್ತಾರೆ. ಓದಿ ಪರಿಚಯ ಮಾಡಿಕೊಳ್ಳುವುದು, ಗುರುತು ಹಾಕುವುದು, ಆಶಯಗಳನ್ನು ಹುಡುಕುವುದು, ಮರಳಿ ಒರೆಗೆ ಹಚ್ಚುವುದು, ಹೆಸರಿಡುವುದು, ಬರೆಯುವುದು ಎಂದು ಅದರ ಕ್ರಮ. ಆಶಯಗಳು ಮಾತಿನೊಳಗೆ ಮೊದಲೇ ಅಡಗಿ ಕುಳಿತಿರುವುದಿಲ್ಲ, ಸಂಶೋಧಕನ ದೃಷ್ಟಿಯೂ ಸೇರಿಯೇ ಅವು ರೂಪುಗೊಳ್ಳುತ್ತವೆ ಎಂದು ಅವರೇ ಅನಂತರ ಮತ್ತೆ ಮತ್ತೆ ನೆನಪಿಸಿದ್ದಾರೆ. ಆದುದರಿಂದ ಕೇಳುವಾತ ಯಾರು, ಎಲ್ಲಿಂದ ಬಂದವನು ಎಂಬುದನ್ನು ವರದಿಯಲ್ಲಿ ಮುಚ್ಚಿಡಕೂಡದು.

ಭಾಷೆಯ ತೊಡಕು ಇಲ್ಲಿಗೆ ಮುಗಿಯುವುದಿಲ್ಲ. ಕನ್ನಡದ 'ಬೇಜಾರು' ಎಂಬ ಒಂದೇ ಮಾತಿಗೆ ಹೊತ್ತು ಹೋಗದಿರುವುದು, ದುಃಖ, ಸಿಟ್ಟಿನ ಅಸಮಾಧಾನ, ಎಲ್ಲ ಅರ್ಥಗಳೂ ಉಂಟು. ಅದನ್ನು ಅವಸರದಲ್ಲಿ ಇಂಗ್ಲಿಷಿನ ಒಂದು ಶಬ್ದಕ್ಕೆ ತಿರುಗಿಸಿದರೆ ಅಧ್ಯಯನವೇ ದಾರಿ ತಪ್ಪುತ್ತದೆ. ಮನೆಯಲ್ಲಿ ತುಳುವನ್ನೂ ಸಂಘದಲ್ಲಿ ಕನ್ನಡವನ್ನೂ ದವಾಖಾನೆಯಲ್ಲಿ ಹಿಂದಿಯನ್ನೂ ಆಡುವವರ ವಿಷಯದಲ್ಲಂತೂ ಯಾವ ಭಾಷೆಯಲ್ಲಿ ಕೇಳಿದರೆ ಯಾವ ಉತ್ತರ ಬರುತ್ತದೆ ಎಂಬುದೇ ಒಂದು ಅಧ್ಯಯನದ ವಸ್ತು. 'ಟೆನ್ಷನ್' ಎಂಬ ಮಾತನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನಿಂದ ಬಂದದ್ದಾದರೂ ಈಗ ಅದು ಇಂಗ್ಲಿಷಾಗಿ ಉಳಿದಿಲ್ಲ. ದೆಹಲಿಯ ಮಧುಮೇಹಿ ಸ್ತ್ರೀಯರ ಕುರಿತು ಲೆಸ್ಲಿ ಜೋ ವೀವರ್ ಎಂಬ ಮಾನವಶಾಸ್ತ್ರಜ್ಞೆ ಬರೆದ ಪುಸ್ತಕದ ಹೆಸರಿನಲ್ಲಿಯೇ 'ಶುಗರ್' ಮತ್ತು 'ಟೆನ್ಷನ್' ಜೊತೆಯಾಗಿವೆ. ಮುಂಬಯಿಯಲ್ಲಿ ಹ್ಯಾರಿಸ್ ಸಾಲೊಮನ್ ಎಂಬವರು ಆಹಾರ, ಬೊಜ್ಜು, ಮಧುಮೇಹಗಳನ್ನು ಕುರಿತು ಜನರೊಡನೆ ದೀರ್ಘಕಾಲ ಒಡನಾಡಿ 2016ರಲ್ಲಿ ಒಂದು ಗ್ರಂಥವನ್ನೂ, ಇಲ್ಲಿಯ ಸಾರ್ವಜನಿಕ ಆಸ್ಪತ್ರೆಯೊಂದರ ಅಪಘಾತ ವಿಭಾಗದ ಅನುಭವದಿಂದ 2022ರಲ್ಲಿ ಇನ್ನೊಂದನ್ನೂ ಹೊರತಂದರು. ಲೋಕಲ್ ರೈಲಿನ ಬಾಗಿಲಿಗೆ ಜೋತುಬಿದ್ದು ದಿನ ಕಳೆಯುವವರಿಗೆ ಈ ಎರಡನೆಯದರ ವಸ್ತು ಅಪರಿಚಿತವಲ್ಲ.

ಎಷ್ಟು ಜನರನ್ನು ಕೇಳಿದರೆ ಸಾಕು? ಜನಗಣತಿಗೆ ಒಗ್ಗಿದವರಿಗೆ ಹತ್ತು ಹನ್ನೆರಡು ಜನರ ಮಾತಿನಿಂದ ಏನು ತಾನೇ ತಿಳಿದೀತು ಎನಿಸುವುದು ಸಹಜ. ಪಶ್ಚಿಮ ಆಫ್ರಿಕದ ಎರಡು ದೇಶಗಳ 60 ಸಂದರ್ಶನಗಳನ್ನು ಪರಿಶೀಲಿಸಿದ ಗೆಸ್ಟ್ ಮತ್ತು ಸಂಗಡಿಗರು, ಮುಖ್ಯ ಗುರುತುಗಳಲ್ಲಿ ಬಹುಪಾಲು ಮೊದಲ 12 ಸಂದರ್ಶನಗಳಲ್ಲಿಯೇ ದೊರೆತಿದ್ದವೆಂದು 2006ರಲ್ಲಿ ತೋರಿಸಿದರು. ಆದರೆ ಅಲ್ಲಿ ಮಾತನಾಡಿದವರು ಬಹುಮಟ್ಟಿಗೆ ಒಂದೇ ಬಗೆಯ ಬಾಳಿನವರು. ಹೋಟೆಲ್ ಕಾರ್ಮಿಕನನ್ನೂ ನಿವೃತ್ತ ಅಧಿಕಾರಿಯನ್ನೂ ಒಟ್ಟಿಗೆ ಸೇರಿಸಿ ಹನ್ನೆರಡು ಎಂದು ಎಣಿಸಿದರೆ ಸಾಲದು. ಇನ್ನೊಂದು ಮಿತಿಯೂ ಇದೆ: ಕಲ್ಯಾಣದ ವೃದ್ಧರಲ್ಲಿ ನೂರಕ್ಕೆ ಎಷ್ಟು ಮಂದಿಗೆ ಹೀಗಾಗುತ್ತದೆ ಎಂಬ ಪ್ರಶ್ನೆಗೆ ಈ ಕ್ರಮ ಉತ್ತರಿಸುವುದಿಲ್ಲ, ಅದಕ್ಕೆ ಸಮೀಕ್ಷೆಯೇ ಆಗಬೇಕು. ಸಮೀಕ್ಷೆಯಲ್ಲಿ ಏನನ್ನು ಕೇಳಬೇಕು ಎಂಬುದು ಮಾತ್ರ ಇಂಥ ಮಾತುಕತೆಯಿಂದಲೇ ತಿಳಿಯುತ್ತದೆ.

ಬರಹಕ್ಕಿಳಿಸಿದ್ದನ್ನು ಕಾಪಾಡುವ ಕಷ್ಟಕ್ಕೆ ಕನ್ನಡ ನಾಡಿನ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರ ಅನುಭವವೇ ಸಾಕ್ಷಿ. ಮೈಸೂರು ಬಳಿಯ ಹಳ್ಳಿಯೊಂದರಲ್ಲಿ 1948ರಲ್ಲಿ ನೆಲೆಸಿ ಅವರು ಸಂಗ್ರಹಿಸಿ ಅಣಿಗೊಳಿಸಿದ್ದ ಟಿಪ್ಪಣಿಗಳು 1970ರ ಏಪ್ರಿಲಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಆಹುತಿಯಾದವು. ನೆನಪಿನಿಂದಲೇ ಬರೆದ ಗ್ರಂಥ 1976ರಲ್ಲಿ ಹೊರಬಂತು. ಆ ಹಳ್ಳಿಯನ್ನು ಅವರು ರಾಮಪುರ ಎಂಬ ಬೇರೆ ಹೆಸರಿನಿಂದಲೇ ಕರೆದರು.

ಹೆಸರು ಮರೆಮಾಡುವ ಈ ಕ್ರಮ ಸಣ್ಣ ಸಮುದಾಯದಲ್ಲಿ ಸಾಲದೆ ಹೋಗಬಹುದು. 'ಡೊಂಬಿವಲಿಯ ಸಂಘವೊಂದರ ಮಾಜಿ ಕಾರ್ಯದರ್ಶಿ, ಎರಡು ಹೋಟೆಲುಗಳ ಮಾಲಿಕರು, ಹೃದಯದ ಶಸ್ತ್ರಚಿಕಿತ್ಸೆಯಾದವರು' ಎಂದು ಬರೆದರೆ ಹೆಸರಿಲ್ಲದಿದ್ದರೂ ಮುಂದಿನ ಸಭೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017ರಲ್ಲಿ ಪ್ರಕಟಿಸಿದ ನೀತಿ ನಿಯಮಗಳು ಈ ವಿಷಯದಲ್ಲಿ ಮಾರ್ಗದರ್ಶಕ. ಭಾಗವಹಿಸುವವರಿಗೆ ತಿಳಿಯುವ ಭಾಷೆಯಲ್ಲಿ ಎಲ್ಲವನ್ನೂ ವಿವರಿಸಿ ಒಪ್ಪಿಗೆ ಪಡೆಯಬೇಕು. ನಡುವೆ ಬೇಡವೆನಿಸಿದರೆ ಕಾರಣ ಹೇಳದೆ ಹಿಂಜರಿಯುವ ಹಕ್ಕು ಅವರಿಗಿದೆ. ಹಾಗೆ ಮಾಡಿದ್ದಕ್ಕಾಗಿ ಅವರ ಚಿಕಿತ್ಸೆಗೆ ಅಡ್ಡಿಯಾಗಕೂಡದು.

ಕಾಲೇಜು, ಆಸ್ಪತ್ರೆಗಳಿಂದ ಇಂಥ ಅಧ್ಯಯನಕ್ಕಾಗಿ ಯಾರಾದರೂ ಮನೆಬಾಗಿಲಿಗೆ ಬಂದರೆ, ಅವರು ಯಾವ ಸಂಸ್ಥೆಯವರು, ನೀತಿ ಸಮಿತಿಯ ಅನುಮತಿ ಇದೆಯೇ, ಧ್ವನಿಮುದ್ರಿಕೆಯನ್ನು ಯಾರು ಕೇಳುತ್ತಾರೆ, ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ ಎಂಬುದನ್ನು ವಿಚಾರಿಸುವುದು ಅವಮರ್ಯಾದೆಯಲ್ಲ. ಕನ್ನಡದಲ್ಲಿಯೋ ತುಳುವಿನಲ್ಲಿಯೋ ಮಾತನಾಡುವುದಾದರೆ ಹೇಳುತ್ತೇವೆ ಎಂದು ಷರತ್ತು ಹಾಕಬಹುದು. ಮನೆಯ ಹಿರಿಯರನ್ನು ಮಾತನಾಡಿಸುವಾಗ ಮಗನೋ ಸೊಸೆಯೋ ಪಕ್ಕದಲ್ಲಿ ಕುಳಿತು 'ಅಮ್ಮನಿಗೆ ಏನೂ ತೊಂದರೆಯಿಲ್ಲ' ಎಂದು ಉತ್ತರವನ್ನು ತಾವೇ ಹೇಳಿಬಿಡುವುದುಂಟು. ಒಂದು ಕೋಣೆಯ ಮನೆಯಲ್ಲಿ ಬೇರೆ ಎಡೆಯೆಲ್ಲಿ ಎಂದರೆ, ಅರ್ಧ ಗಂಟೆ ಸಂತೆ ಸಾಮಾನಿಗೆ ಹೋಗಿ ಬಂದರಾಯಿತು. ಮಾತನಾಡುತ್ತಿರುವಾಗ ಎದೆನೋವು, ಉಸಿರುಗಟ್ಟುವಿಕೆ, ಬದುಕೇ ಬೇಡವೆಂಬ ಮಾತು ಇಂಥವು ಹೊರಬಿದ್ದರೆ ಸಂಶೋಧಕನು ಲೇಖನಿಯನ್ನು ಕೆಳಗಿಟ್ಟು ಅವರನ್ನು ವೈದ್ಯರ ಬಳಿ ತಲುಪಿಸುವ ವ್ಯವಸ್ಥೆಯನ್ನು ಮೊದಲು ಮಾಡತಕ್ಕದ್ದು. ಮನಸ್ಸಿನ ಸಂಕಟಕ್ಕೆ ಭಾರತ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ದೂರವಾಣಿ 14416ರಲ್ಲಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಉಚಿತವಾಗಿ ಸಲಹೆ ದೊರೆಯುತ್ತದೆ.