ಸೇಲಂನ ಮಾಟಗಾತಿಯರ ವಿಚಾರಣೆ

ಕಥೆಗಳಲ್ಲಿ ಬರುವ ಮಾಟಗಾತಿಯು ಕಥೆ ಮುಗಿದೊಡನೆ ಮರೆಯಾಗುತ್ತಾಳೆ. ಸಮಾಜವೇ ಅವಳನ್ನು ನಿಜವೆಂದು ನಂಬಿದರೆ ಒದಗುವ ಅನರ್ಥಕ್ಕೆ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಸೇಲಂ ನಿದರ್ಶನವಾಗಿದೆ.

1692ರಲ್ಲಿ ಅಲ್ಲಿಯ ಕೆಲವು ಬಾಲಿಕೆಯರು, ಮಾಟಗಾತಿಯರ ಛಾಯಾರೂಪಗಳು ತಮ್ಮನ್ನು ಪೀಡಿಸುತ್ತಿವೆಯೆಂದು ದೂರಿದರು. ಅನ್ಯರ ಕಣ್ಣಿಗೆ ಕಾಣದ ಆ ರೂಪಗಳನ್ನೇ ನ್ಯಾಯಾಲಯವು ಸಾಕ್ಷ್ಯವೆಂದು ಅಂಗೀಕರಿಸಿತು. ಮಾಟ ಮಾಡಿದೆವೆಂದು ಒಪ್ಪಿ ನಿಂತವರ ಪ್ರಾಣ ಉಳಿಯಿತು. ಕಡೆಯವರೆಗೂ ನಿರಾಕರಿಸಿದ 19 ಜನರು ಗಲ್ಲಿಗೇರಿದರು. ಎಪ್ಪತ್ತು ದಾಟಿದ ರೆಬೆಕಾ ನರ್ಸ್ ಎಂಬ ವೃದ್ಧೆಯನ್ನು ಜ್ಯೂರಿಯವರು ಮೊದಲು ನಿರಪರಾಧಿಯೆಂದರು. ನ್ಯಾಯಾಧೀಶರು ಮರುವಿಚಾರಕ್ಕೆ ಕಳುಹಿಸಿದ ಮೇಲೆ ಅಪರಾಧಿಯೆಂದರು. ಸುಳ್ಳು ನುಡಿದು ಬದುಕಲು ಆಕೆ ಒಪ್ಪಲಿಲ್ಲ.

ದೂರಿದವರಲ್ಲೊಬ್ಬಳಾದ ಆ್ಯನ್ ಪಟ್ನಮ್ 1706ರಲ್ಲಿ ಕ್ಷಮೆ ಯಾಚಿಸಿದಳು. ಶಿಕ್ಷಿತರ ಪಟ್ಟಿಯಲ್ಲಿ ಉಳಿದಿದ್ದ ಕೊನೆಯ ಹೆಸರನ್ನು ಅಲ್ಲಿಯ ಶಾಸನಸಭೆಯು ಕಳಂಕಮುಕ್ತಗೊಳಿಸಿದುದು 2022ರಲ್ಲಿ. ಅಪವಾದ ಹೊರಿಸಲು ಒಂದು ಮಾತು ಸಾಕಾಯಿತು. ಅಳಿಸಲು ಮೂರು ಶತಮಾನಗಳೇ ಬೇಕಾದುವು.