ಇಪ್ಪತ್ತೊಂದನೆಯ ಖಾನೆ

2024ರ ಜುಲೈ 19, ಶುಕ್ರವಾರ, ಬೆಳಿಗ್ಗೆ 9 ಗಂಟೆ 39 ನಿಮಿಷ. ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಭದ್ರತಾ ಸಾಫ್ಟ್‌ವೇರ್ ಕಂಪನಿ ತನ್ನ ಗಿರಾಕಿಗಳ ವಿಂಡೋಸ್ ಕಂಪ್ಯೂಟರ್‌ಗಳಿಗೆ ಒಂದು ಫೈಲ್ ಕಳಿಸಿತು. ಗಾತ್ರ ಸುಮಾರು 40 ಕೆಬಿ. ಇವತ್ತಿನ ಫೋನಿನಲ್ಲಿ ತೆಗೆದ ಒಂದು ಫೋಟೊಗಿಂತ ಅದು ಎಷ್ಟೋ ಪಟ್ಟು ಚಿಕ್ಕದು. 10 ಗಂಟೆ 57 ನಿಮಿಷಕ್ಕೆ ಕಂಪನಿ ಅದನ್ನು ಹಿಂತೆಗೆದುಕೊಂಡಿತು. ನಡುವೆ ಹೋದದ್ದು 78 ನಿಮಿಷ. ನಮ್ಮ ನ್ಯಾಮತಿಯಿಂದ ಹೊರಟ ಬಸ್ಸು ಸವಳಂಗ ದಾಟಿ ಶಿವಮೊಗ್ಗ ತಲುಪಿ, ಇಳಿದವರು ಒಂದು ಕಾಫಿ ಕುಡಿಯುವಷ್ಟು ಹೊತ್ತು.

ಅಷ್ಟರಲ್ಲಿ ಕೆಟ್ಟು ನಿಂತ ಯಂತ್ರಗಳು 85 ಲಕ್ಷ ಎಂದು ಮೈಕ್ರೋಸಾಫ್ಟ್ ಮರುದಿನ ಅಂದಾಜು ಕೊಟ್ಟಿತು. 2011ರ ಜನಗಣತಿಯಲ್ಲಿ ಬೆಂಗಳೂರು ನಗರದ ಜನಸಂಖ್ಯೆ 84 ಲಕ್ಷ ಚಿಲ್ಲರೆ. ಅಂದರೆ ಆ ಬೆಂಗಳೂರಿನ ಪ್ರತಿಯೊಬ್ಬರ ಮುಂದೆ, ತೊಟ್ಟಿಲಿನ ಕೂಸಿನ ಮುಂದೆಯೂ, ಕೆಟ್ಟು ನಿಂತ ಯಂತ್ರದ ಒಂದೊಂದು ನೀಲಿ ಪರದೆ. 78 ನಿಮಿಷಕ್ಕೆ ಹಂಚಿ ನೋಡಿದರೆ ಸರಾಸರಿ ಸೆಕೆಂಡಿಗೆ 1,800ಕ್ಕೂ ಹೆಚ್ಚು ಯಂತ್ರ. ನನ್ನನ್ನು ಇನ್ನೂ ಹೆಚ್ಚು ಬೆರಗುಗೊಳಿಸುವ ಲೆಕ್ಕ ಬೇರೆ ಇದೆ. 85 ಲಕ್ಷ ಯಂತ್ರಗಳಿಗೆ ಹೋದ ಆ ಫೈಲುಗಳನ್ನೆಲ್ಲ ಒಟ್ಟು ಸೇರಿಸಿದರೂ 340 ಜಿಬಿ ಆಗುತ್ತದೆ, ಅಷ್ಟೆ. ಜಗತ್ತನ್ನು ನಿಲ್ಲಿಸಿದ ಸರಕು ಪೂರ್ತಿ ಅಂಗಡಿಯಲ್ಲಿ ಸಿಗುವ ಒಂದು 500 ಜಿಬಿ ಹಾರ್ಡ್ ಡಿಸ್ಕಿನಲ್ಲಿ ಹಿಡಿಸಿ, ಇನ್ನೂ ಜಾಗ ಉಳಿಯುತ್ತದೆ.

ಇಷ್ಟಕ್ಕೂ ತಪ್ಪೇನು? ಹೊಸ ಬಗೆಯ ದಾಳಿಯನ್ನು ಗುರುತಿಸಲು ಕಂಪನಿ ಒಂದು ನಮೂನೆ ಮಾಡಿತ್ತು. ಆ ನಮೂನೆಯಲ್ಲಿ 21 ಖಾನೆಗಳಿದ್ದವು. ಆದರೆ ಕಂಪ್ಯೂಟರಿನಲ್ಲಿ ಕೂತಿದ್ದ ಪ್ರೋಗ್ರಾಂ ತುಂಬಿಕೊಡುತ್ತಿದ್ದದ್ದು 20 ಖಾನೆ ಮಾತ್ರ. ಈ ಒಂದರ ವ್ಯತ್ಯಾಸ ಫೆಬ್ರುವರಿಯಿಂದಲೇ ಅಲ್ಲಿತ್ತು. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಹೋದ ಫೈಲುಗಳು 21ನೆಯ ಖಾನೆಯಲ್ಲಿ ‘ಏನಿದ್ದರೂ ನಡೆಯುತ್ತದೆ’ ಎಂದು ಬಿಟ್ಟಿದ್ದವು. ಆದ್ದರಿಂದ ಆ ಖಾನೆಯನ್ನು ಯಾರೂ ತೆರೆದು ನೋಡಲಿಲ್ಲ, ಏನೂ ಆಗಲಿಲ್ಲ. ಜುಲೈ 19ರ ಫೈಲು ಮೊದಲ ಸಲ ಅಲ್ಲಿ ಏನಿದೆ ನೋಡು ಎಂದಿತು. ಪ್ರೋಗ್ರಾಂ ನೋಡಲು ಹೋಯಿತು. ಅಲ್ಲಿ ಖಾನೆಯೇ ಇರಲಿಲ್ಲ. ತನ್ನದಲ್ಲದ ಮೆಮೊರಿಗೆ ಕೈ ಹಾಕಿದಂತಾಯಿತು. ಫೈಲು ಹೊರಡುವ ಮುಂಚೆ ಪರೀಕ್ಷಿಸಬೇಕಿದ್ದ ಇನ್ನೊಂದು ಪ್ರೋಗ್ರಾಮಿನಲ್ಲೂ ದೋಷವಿತ್ತು. ಅದು ಎಲ್ಲ ಸರಿಯಿದೆ ಎಂದು ಪಾಸು ಮಾಡಿಬಿಟ್ಟಿತ್ತು.

ಸಾಮಾನ್ಯ ಪ್ರೋಗ್ರಾಂ ಇಂಥ ತಪ್ಪು ಮಾಡಿದರೆ ಅದೊಂದೇ ಮುಚ್ಚಿಕೊಳ್ಳುತ್ತದೆ. ಕನ್ನಡ ಟೈಪ್ ಮಾಡುವ ನುಡಿ ಮುಚ್ಚಿಹೋದರೆ ಟೈಪ್ ಮಾಡಿದ ಅರ್ಜಿ ಹೋದೀತು, ಕಂಪ್ಯೂಟರ್ ನಡೆಯುತ್ತಲೇ ಇರುತ್ತದೆ. ಭದ್ರತಾ ಸಾಫ್ಟ್‌ವೇರ್ ಹಾಗಲ್ಲ. ಕಳ್ಳ ಪ್ರೋಗ್ರಾಂ ಎಲ್ಲಿ ಅಡಗಿದರೂ ಕಾಣಬೇಕೆಂದು ಅದಕ್ಕೆ, ಡ್ರೈವರ್ ಎಂಬ ಪ್ರೋಗ್ರಾಂ ಭಾಗದ ಮೂಲಕ, ವಿಂಡೋಸಿನ ತಿರುಳಾದ ಕರ್ನಲ್‌ವರೆಗೂ ಪ್ರವೇಶ ಕೊಟ್ಟಿರುತ್ತಾರೆ. ಅಲ್ಲಿ ತಪ್ಪಾದರೆ ವಿಂಡೋಸ್ ಮುಂದುವರಿಯುವ ಧೈರ್ಯ ಮಾಡುವುದಿಲ್ಲ; ಡೇಟಾ ಹಾಳಾಗದಿರಲಿ ಎಂದು ಇಡೀ ಯಂತ್ರವನ್ನು ನಿಲ್ಲಿಸಿ ಒಂದು ಪರದೆ ತೋರಿಸುತ್ತದೆ, 2024ರಲ್ಲಿ ಅದು ನೀಲಿ ಬಣ್ಣದ್ದಾಗಿತ್ತು. ರೀಸ್ಟಾರ್ಟ್ ಮಾಡಿದರೆ? ಭದ್ರತಾ ಸಾಫ್ಟ್‌ವೇರ್ ಉಳಿದ ಪ್ರೋಗ್ರಾಂಗಳಿಗಿಂತ ಮೊದಲೇ ಎದ್ದು ಕೂರುವಂಥದ್ದು. ಅದೇ ಫೈಲನ್ನು ಮತ್ತೆ ಓದುತ್ತದೆ, ಮತ್ತೆ ನೀಲಿ ಪರದೆ.

ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಆವತ್ತು 10 ಗಂಟೆ 40 ನಿಮಿಷದಿಂದ ನಾವಿಟೇರ್ ಎಂಬ ಚೆಕ್-ಇನ್ ವ್ಯವಸ್ಥೆ ಕೈಕೊಟ್ಟಿತು. ಒಂದನೇ ಟರ್ಮಿನಲ್‌ನಲ್ಲಿ ಇಂಡಿಗೊ, ಆಕಾಸ, ಸ್ಪೈಸ್‌ಜೆಟ್, ಎರಡನೆಯದರಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಪ್ರಯಾಣಿಕರು ಸಾಲುಗಟ್ಟಿ ನಿಂತರು. ಸಿಬ್ಬಂದಿ ಕೈಯಾರೆ ಚೆಕ್-ಇನ್ ಮಾಡತೊಡಗಿದರು. ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟ ಚಿತ್ರಗಳು ಅವತ್ತೇ ದೇಶವಿಡೀ ಓಡಾಡಿದವು. ಇಂಡಿಗೊ ಒಂದೇ ಸುಮಾರು 200 ವಿಮಾನಗಳನ್ನು ರದ್ದು ಮಾಡಿತು.

10:57ಕ್ಕೆ ಸರಿಯಾದ ಫೈಲು ಬಂತಲ್ಲ, ಅಲ್ಲಿಗೆ ಮುಗಿಯಬೇಕಿತ್ತು ಅನಿಸುತ್ತದೆ. ಮುಗಿಯಲಿಲ್ಲ, ಮತ್ತು ಈ ಕಥೆಯಲ್ಲಿ ನನ್ನನ್ನು ನಿಜವಾಗಿ ಕಾಡುವ ಭಾಗ ಇದೇ. ಎದ್ದು ನಿಲ್ಲದ ಯಂತ್ರ ಇಂಟರ್‌ನೆಟ್‌ಗೆ ಹೋಗುವುದಿಲ್ಲ. ಇಂಟರ್‌ನೆಟ್‌ಗೆ ಹೋಗದ ಯಂತ್ರಕ್ಕೆ ಔಷಧಿ ತಲುಪುವುದಿಲ್ಲ. ಕೆಲವು ಯಂತ್ರಗಳು 15 ಸಲದವರೆಗೂ ರೀಸ್ಟಾರ್ಟ್ ಮಾಡಿದ ಮೇಲೆ, ಬೀಳುವ ಮೊದಲು ಸಿಕ್ಕ ಕೆಲವೇ ಕ್ಷಣಗಳಲ್ಲಿ ಹೊಸ ಫೈಲನ್ನು ಎಳೆದುಕೊಂಡು ಬದುಕಿದವು. ಬಹುಪಾಲು ಯಂತ್ರಗಳ ಮುಂದೆ ಒಬ್ಬ ಮನುಷ್ಯ ಹೋಗಿ ಕೂರಲೇಬೇಕಿತ್ತು. ತೀರಾ ಬೇಕಾದಷ್ಟನ್ನೇ ಎಬ್ಬಿಸುವ ಸೇಫ್ ಮೋಡ್‌ಗೆ ಹೋಗು, ಡ್ರೈವರ್‌ಗಳ ಫೋಲ್ಡರ್ ತೆರೆ, ಹೆಸರಿನಲ್ಲಿ 291 ಎಂದಿರುವ ಫೈಲು ಹುಡುಕಿ ಅಳಿಸು, ರೀಸ್ಟಾರ್ಟ್ ಮಾಡು.

ಯಂತ್ರಕ್ಕೆ 10 ನಿಮಿಷ ಎಂದೇ ಹಿಡಿಯೋಣ. 85 ಲಕ್ಷ ಯಂತ್ರಕ್ಕೆ ಎಂಟೂವರೆ ಕೋಟಿ ನಿಮಿಷ, ಅಂದರೆ 14 ಲಕ್ಷ ಗಂಟೆಗೂ ಮೇಲೆ. ಒಬ್ಬನೇ ಮನುಷ್ಯ ದಿನಕ್ಕೆ 8 ಗಂಟೆಯಂತೆ ಒಂದು ಭಾನುವಾರವನ್ನೂ ಬಿಡದೆ ಕೂತರೆ 485 ವರ್ಷ. ವಿಜಯನಗರದಲ್ಲಿ ಅಚ್ಯುತದೇವರಾಯ ಆಳುತ್ತಿದ್ದ 1539ರಲ್ಲಿ ಶುರು ಮಾಡಿದ್ದರೆ 2024ರಲ್ಲಿ ಕೊನೆಯ ಯಂತ್ರದ ಮುಂದೆ ಇರುತ್ತಿದ್ದ. 78 ನಿಮಿಷದಲ್ಲಿ ಆದ ಗಾಯ ಅದು.

ಹತ್ತು ನಿಮಿಷವೂ ಸಾಲದ ಕಡೆಗಳಿದ್ದವು. ಕಂಪನಿಗಳ ಲ್ಯಾಪ್‌ಟಾಪ್‌ಗಳಿಗೆ ಬಿಟ್‌ಲಾಕರ್ ಬೀಗವಿರುತ್ತದೆ. ಅದರ ರಿಕವರಿ ಕೀ 48 ಅಂಕಿ. ಆರಾರು ಅಂಕಿಯ ಎಂಟು ಗುಂಪು, ಯಂತ್ರಕ್ಕೊಂದು ಬೇರೆ. ಫೋನಿನ ಆ ತುದಿಯಲ್ಲಿ ಒಬ್ಬರು ಓದುತ್ತ, ಈ ತುದಿಯಲ್ಲಿ ಒಬ್ಬರು ಒತ್ತುತ್ತ, ಒಂದಂಕಿ ತಪ್ಪಿದರೆ ಮತ್ತೆ ಹುಡುಕಿ ತಿದ್ದುತ್ತ ಹೋಗಬೇಕು. ಆ ಕೀಗಳನ್ನು ಇಟ್ಟಿದ್ದ ಸರ್ವರೇ ನೀಲಿ ಪರದೆ ತೋರಿಸುತ್ತಿದ್ದ ಕಚೇರಿಗಳೂ ಇದ್ದವು. ಅಮೆರಿಕದ ಡೆಲ್ಟಾ ವಿಮಾನ ಕಂಪನಿ 40,000 ಸರ್ವರ್‌ಗಳನ್ನು ಕೈಯಿಂದಲೇ ಸರಿಮಾಡಬೇಕಾಯಿತು ಎಂದು ಅದರ ಮುಖ್ಯಸ್ಥರು ಹೇಳಿದರು. ಅಷ್ಟರಲ್ಲಿ 5 ದಿನ, ಸುಮಾರು 7,000 ವಿಮಾನ ರದ್ದು, 50 ಕೋಟಿ ಡಾಲರ್ ನಷ್ಟ. ಮೈಕ್ರೋಸಾಫ್ಟ್ ಬಿಟ್ಟು ಅಮೆರಿಕದ ಅತಿ ದೊಡ್ಡ 500 ಕಂಪನಿಗಳ ನಷ್ಟ 540 ಕೋಟಿ ಡಾಲರ್ ಎಂದು ಪ್ಯಾರಾಮೆಟ್ರಿಕ್ಸ್ ಎಂಬ ಸಂಸ್ಥೆ ಲೆಕ್ಕ ಹಾಕಿತು. ನಮ್ಮ ಹಣದಲ್ಲಿ ಸುಮಾರು 45,000 ಕೋಟಿ ರೂಪಾಯಿ, ಆ ವರ್ಷದ ಕರ್ನಾಟಕ ಬಜೆಟ್ಟಿನ ಎಂಟನೇ ಒಂದು ಪಾಲು.

ಇನ್ನೊಂದು ಅಂಕಿ ಇದೆ. ಆ 85 ಲಕ್ಷ, ಪ್ರಪಂಚದ ವಿಂಡೋಸ್ ಯಂತ್ರಗಳಲ್ಲಿ ಶೇಕಡ 1 ಕೂಡ ಅಲ್ಲ. ದುಬಾರಿ ಬೆಲೆಯ ಈ ಸಾಫ್ಟ್‌ವೇರನ್ನು ಕೊಳ್ಳುವುದು ವಿಮಾನ ಕಂಪನಿ, ಆಸ್ಪತ್ರೆ, ದೊಡ್ಡ ಬ್ಯಾಂಕುಗಳಂಥವು. ನ್ಯಾಮತಿಯ ಜೆರಾಕ್ಸ್ ಅಂಗಡಿಯಲ್ಲ. ಸಾಫ್ಟ್‌ವೇರ್ ಇದ್ದರೂ ಆ 78 ನಿಮಿಷ ಆಫ್ ಆಗಿದ್ದ ಯಂತ್ರಕ್ಕೆ ಏನೂ ಆಗಲಿಲ್ಲ. ಭಾರತದಲ್ಲಿ 10 ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳಿಗಷ್ಟೇ ಸಣ್ಣಪುಟ್ಟ ತೊಂದರೆಯಾಯಿತೆಂದು ರಿಸರ್ವ್ ಬ್ಯಾಂಕ್ ಹೇಳಿತು. ಎಸ್‌ಬಿಐ ತನ್ನ ವ್ಯವಸ್ಥೆಗಳೆಲ್ಲ ಸರಿಯಿವೆ ಎಂದಿತು; ಸರ್ಕಾರಿ ಕಚೇರಿಗಳಿಗೆ ಆಧಾರವಾದ ಎನ್‌ಐಸಿ ಜಾಲವೂ ಕೆಡಲಿಲ್ಲ.

ಹಾಗಾದರೆ ಇಂಥ ಸಾಫ್ಟ್‌ವೇರೇ ಬೇಡ ಎನ್ನಬಹುದೆ? ಖಂಡಿತ ಇಲ್ಲ. ಅದೇ ಜುಲೈ ತಿಂಗಳ ಕೊನೆಯಲ್ಲಿ ಸಿ-ಎಡ್ಜ್ ಎಂಬ ಕಂಪನಿಯ ಮೇಲೆ ರ್‍ಯಾನ್ಸಮ್‌ವೇರ್ ದಾಳಿಯಾಗಿ, ಅದನ್ನು ನೆಚ್ಚಿದ್ದ ದೇಶದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಯುಪಿಐ, ಎಟಿಎಂ ಸೇವೆ ನಿಂತಿತ್ತು. ಕಾವಲು ಬೇಕು. ಆದರೆ ಕಾವಲಿನವನು ಕೊಡುವ ಅಪ್‌ಡೇಟನ್ನು ಮೊದಲು ನೂರು ಯಂತ್ರಕ್ಕೆ, ಆಮೇಲೆ ಸಾವಿರಕ್ಕೆ, ಆಮೇಲೆ ಲಕ್ಷಕ್ಕೆ ಕೊಡಬೇಕೆಂಬ ಸಾದಾ ಎಚ್ಚರ ಇರಲೇಬೇಕಿತ್ತು. ಹದಿನಾಲ್ಕು ವರ್ಷ ಮೊದಲೇ ಪಾಠ ಸಿಕ್ಕಿತ್ತು. 2010ರ ಏಪ್ರಿಲ್ 21ರಂದು ಮೆಕಾಫಿ ಆಂಟಿವೈರಸ್ಸಿನ 5958ನೇ ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯ ಸ್ವಂತ ಫೈಲೊಂದನ್ನೇ ವೈರಸ್ ಎಂದು ಹಿಡಿದುಹಾಕಿ ಅಸಂಖ್ಯ ಕಂಪ್ಯೂಟರ್‌ಗಳನ್ನು ಕೆಡವಿತ್ತು. ಆಗ ಮೆಕಾಫಿಯ ತಾಂತ್ರಿಕ ಮುಖ್ಯಸ್ಥರಾಗಿದ್ದ ಜಾರ್ಜ್ ಕರ್ಟ್ಜ್ ಅವರೇ 2024ರಲ್ಲಿ ಕ್ರೌಡ್‌ಸ್ಟ್ರೈಕಿನ ಸಿಇಒ.

ದೊಡ್ಡ ಕಂಪನಿಯ ತಪ್ಪಿನ ಕಾರಣ ಹೇಗೋ ಹೊರಬಂತು. ನಮ್ಮೂರಿನ ಒಂಟಿ ಕಂಪ್ಯೂಟರ್ ಆಂಟಿವೈರಸ್ ಅಪ್‌ಡೇಟ್ ಆದ ಮಾರನೇ ದಿನ ಹೀಗೆ ಕುಸಿದರೆ ಸಿಗುವ ಉತ್ತರ ಒಂದೇ: ‘ಫಾರ್ಮ್ಯಾಟ್ ಹೊಡೀಬೇಕು ಸರ್.’ ಇದು ನನಗೆ ಬಹಳ ನೋವು ಕೊಡುವ ಮಾತು. ಏಕೆಂದು ನಮ್ಮೂರಿನದೇ ಒಂದು ಪ್ರಕರಣದಿಂದ ಹೇಳುತ್ತೇನೆ. 2024ರ ಅಕ್ಟೋಬರ್ ಕೊನೆಯಲ್ಲಿ ನ್ಯಾಮತಿಯ ಎಸ್‌ಬಿಐ ಶಾಖೆಗೆ ನುಗ್ಗಿ 17 ಕೆ.ಜಿ.ಗೂ ಹೆಚ್ಚು ಚಿನ್ನ ಹೊತ್ತೊಯ್ದ ಕಳ್ಳರು ಸಿಸಿಟಿವಿಯ ದೃಶ್ಯ ದಾಖಲಿಸುವ ಡಿವಿಆರ್ ಅನ್ನೂ ಕಿತ್ತುಕೊಂಡು ಹೋಗಿದ್ದರು. ಮಧುರೈ ಕಡೆಯ ಬಾವಿಯಿಂದ ದಾವಣಗೆರೆ ಪೊಲೀಸರು ಚಿನ್ನ ಎತ್ತುವ ಹೊತ್ತಿಗೆ ಸುಮಾರು ಐದು ತಿಂಗಳು ಕಳೆದಿತ್ತು. ಕಾರಣ ನೋಡದೆ ಫಾರ್ಮ್ಯಾಟ್ ಹೊಡೆಯುವುದೆಂದರೆ ನಮ್ಮ ಡಿವಿಆರ್ ಅನ್ನು ನಾವೇ ಕಿತ್ತೆಸೆದಂತೆ. ಫೋಟೊ, ಲೆಕ್ಕದ ಫೈಲುಗಳ ಜೊತೆ ಸಾಕ್ಷಿಯೂ ಹೋಗುತ್ತದೆ, ಅದೇ ಆಂಟಿವೈರಸ್ ಮತ್ತೆ ಬಂದು ಕೂರುತ್ತದೆ.

ಸಾಕ್ಷಿ ಎಲ್ಲಿರುತ್ತದೆ? ಕುಸಿತದ ಪರದೆಯ ಕೆಳಗೆ ಒಂದು ಸ್ಟಾಪ್ ಕೋಡ್, ಎಷ್ಟೋ ಸಲ ಅದರ ಜೊತೆಯಲ್ಲೇ ತಪ್ಪು ಮಾಡಿದ ಡ್ರೈವರಿನ ಹೆಸರು. ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ವಿಂಡೋಸ್ ಫೋಲ್ಡರಿನೊಳಗೆ ಮಿನಿಡಂಪ್ ಎಂಬ ಫೋಲ್ಡರಿನಲ್ಲಿ ಸಾಮಾನ್ಯವಾಗಿ ಪ್ರತಿ ಕುಸಿತಕ್ಕೂ ಒಂದು ಚಿಕ್ಕ ಫೈಲ್ ಉಳಿದಿರುತ್ತದೆ. ಸೇಫ್ ಮೋಡಿಗೆ ಹೋಗಿ ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು, ಯಾವ ದಿನ ಎಷ್ಟು ಗಂಟೆಗೆ ಕೆಟ್ಟಿತು, ಅದಕ್ಕೆ ಮೊದಲು ಏನು ಅಪ್‌ಡೇಟ್ ಆಯಿತು ಎಂದು ಬರೆದು ಆಂಟಿವೈರಸ್ ಕಂಪನಿಗೆ ಕಳಿಸಬಹುದು. ಎರಡು ಆಂಟಿವೈರಸ್ ಒಟ್ಟಿಗೆ ಇದ್ದರೆ ಮೊದಲು ಒಂದನ್ನು ತೆಗೆಯಿರಿ. ಜುಲೈ 19ರ ಅಪರಾಧಿ ಡ್ರೈವರನ್ನು ಮೈಕ್ರೋಸಾಫ್ಟ್ ತಾನಾಗಿ ವಿಶ್ಲೇಷಿಸಿ ಖಚಿತಪಡಿಸಿದ್ದೂ ಇಂಥ ಡಂಪ್ ಫೈಲುಗಳಿಂದಲೇ. ಅವು ಬಂದದ್ದು ವರದಿ ಕಳಿಸಲು ಒಪ್ಪಿದ್ದ ಯಂತ್ರಗಳಿಂದ ಮಾತ್ರ, 85 ಲಕ್ಷದಲ್ಲಿ ಒಂದು ಭಾಗದಿಂದ.

ಕ್ರೌಡ್‌ಸ್ಟ್ರೈಕ್ ಆಗಸ್ಟ್ 6ರಂದು ತನ್ನ ವಿವರವಾದ ವರದಿ ಹೊರತಂದು 20 ಮತ್ತು 21ರ ಲೆಕ್ಕವನ್ನು ಒಪ್ಪಿಕೊಂಡಿತು, ಇನ್ನು ಮುಂದೆ ಹಂತ ಹಂತವಾಗಿ ಅಪ್‌ಡೇಟ್ ಬಿಡುವುದಾಗಿ ಹೇಳಿತು. ಮೈಕ್ರೋಸಾಫ್ಟ್ 2025ರಲ್ಲಿ ವಿಂಡೋಸ್ 11ಕ್ಕೆ ಕ್ವಿಕ್ ಮಷೀನ್ ರಿಕವರಿ ಎಂಬ ಸೌಲಭ್ಯ ತಂದಿತು: ಎದ್ದು ನಿಲ್ಲಲಾರದ ಯಂತ್ರವೂ ಮಲಗಿದಲ್ಲಿಂದಲೇ ಇಂಟರ್‌ನೆಟ್ ಹಿಡಿದು ತನ್ನ ಔಷಧಿಯನ್ನು ತಾನೇ ತರಿಸಿಕೊಳ್ಳುತ್ತದೆ. ಹೋಮ್ ಆವೃತ್ತಿಯಲ್ಲಿ ಅದು ಮೊದಲೇ ಆನ್ ಆಗಿರುತ್ತದೆ. ಕಚೇರಿ, ಬ್ಯಾಂಕು, ಆಸ್ಪತ್ರೆಗಳ ಯಂತ್ರಗಳಲ್ಲಿ ಅದನ್ನು ಆನ್ ಮಾಡುವುದು ಬಿಡುವುದು ಅಲ್ಲಿನ ಸಿಸ್ಟಮ್ ನೋಡಿಕೊಳ್ಳುವವರ ಕೈಯಲ್ಲಿದೆ.