ಅಗ್ಗದ ಸ್ಕೀಯಿಂಗ್ ಪ್ಯಾಕೇಜು: ಒಳಗೆ ಏನಿರುತ್ತೆ?

ಗುಡೇಕೋಟೆಯಲ್ಲಿ ಕೋಟೆ ಇದೆ, ಕರಡಿಧಾಮ ಇದೆ, ಬಂಡೆಬೆಟ್ಟ ಬೇಕಾದಷ್ಟಿವೆ. ಹಿಮ ಒಂದಿಲ್ಲ. ಅದಕ್ಕೇ ಮನಾಲಿ ಸ್ಕೀಯಿಂಗ್ ಜಾಹೀರಾತು ಕಂಡರೆ ಕೂಡ್ಲಿಗಿ ಕಡೆಯ ಹುಡುಗರ ಬೆರಳು ಮೊಬೈಲಿನ ಮೇಲೆ ಅಲ್ಲೇ ನಿಲ್ಲುತ್ತೆ.

ಹೋಗಿ ಬಂದವರನ್ನು ಕೇಳಿ ನೋಡ್ರಿ. ಒಬ್ಬರು ‘ಸ್ವರ್ಗ’ ಅಂತಾರೆ, ಇನ್ನೊಬ್ಬರು ‘ದುಡ್ಡು ದಂಡ’ ಅಂತಾರೆ. ಇಬ್ಬರ ಮಾತೂ ನಿಜ.

ಅಗ್ಗದ ಪ್ಯಾಕೇಜಿನಲ್ಲಿ ಸಾಮಾನ್ಯವಾಗಿ ರೂಮು, ಎರಡು ಹೊತ್ತಿನ ಊಟ, ಸುತ್ತಾಡೋಕೆ ಗಾಡಿ ಇರುತ್ತೆ. ಸ್ಕೀಯಿಂಗ್‌ಗೆ ಬೇರೆ ದುಡ್ಡು. ಮನಾಲಿ ಹತ್ತಿರದ ಸ್ಕೀಯಿಂಗ್ ತಾಣ ಸೋಲಂಗ್‌ಗೆ ಹೋಗೋ ದಾರಿಯ ಅಂಗಡಿಗಳಲ್ಲಿ ಕೋಟು, ಬೂಟು ಬಾಡಿಗೆಗೆ ತಗೋಬೇಕು. ಕೆಲವು ಹೋಟೆಲಿನಲ್ಲಿ ರೂಮ್ ಹೀಟರಿಗೂ ಚಾರ್ಜು! ಹಲಗೆ ಕಟ್ಟಿಕೊಂಡು ಸ್ವಲ್ಪ ಹೊತ್ತು ಜಾರಿ, ಬಿದ್ದು, ಎದ್ದು, ಫೋಟೊ ತೆಗೆಸಿದರೆ ಮುಗೀತು. ಮಜಾ ಇದೆ, ಆದರೆ ಅದು ಕಲಿಕೆ ಅಲ್ಲ.

ಹಿಮ ನಮ್ಮ ರಜೆ ನೋಡಿಕೊಂಡು ಬೀಳಲ್ಲ. ಡಿಸೆಂಬರಿನಲ್ಲಿ ಸೋಲಂಗ್ ಬರೀ ಒಣಹುಲ್ಲಾಗಿರಲೂಬಹುದು. ಆಗ 2020ರಲ್ಲಿ ಶುರುವಾದ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ದಾಟಿ ಲಾಹೌಲ್ ಕಡೆ ಹೋಗಬೇಕು. ಟ್ಯಾಕ್ಸಿ ಖರ್ಚು ಬಹುತೇಕ ನಿಮ್ಮದೇ. ಜನವರಿ ಕೊನೆ, ಫೆಬ್ರುವರಿ ವಾಸಿ.

ನಿಜವಾಗ್ಲೂ ಕಲಿಯೋ ಆಸೆ ಇದ್ದರೆ ಹೋಟೆಲ್ ಪ್ಯಾಕೇಜ್ ಬಿಡ್ರಿ. ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ, ಗುಲ್ಮಾರ್ಗ್‌ನ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ (ಐಐಎಸ್‌ಎಂ), ಎರಡೂ ಸರ್ಕಾರಿ. ಸ್ಕೀಯಿಂಗ್ ಕೋರ್ಸ್ ನಡೆಸ್ತಾವೆ. ಹಿಮ ಇಲ್ಲದ ಊರಿನವರಿಗೆ ಇದೆಲ್ಲ ಆಗಲ್ಲ ಅನ್ನಬೇಡ್ರಿ: ಹಿಮ ಬೀಳದ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಸ್ಕೀಯಿಂಗ್ ಚಿನ್ನ ಗೆದ್ದಿದ್ದಾರೆ.

ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಹೆಂಗೂ ಒಯ್ತೀರಿ. ಮುಂಗಡ ಹಾಕೋ ಮುಂಚೆ ಹೀಟರು, ಬಾಡಿಗೆ, ತರಬೇತಿ ಇವುಗಳಲ್ಲಿ ಯಾವ್ಯಾವುದು ಸೇರಿದೆ ಅಂತ ವಾಟ್ಸಾಪಿನಲ್ಲಿ ಬರೆಸಿಕೊಳ್ರಿ.